ಮಗುವಿನ ಕಾಮಾಲೆ ಮತ್ತು ಪಿತ್ತನಾಳದ ಚೀಲ

ಕಾಮಾಲೆಯಾದವನ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಈ ಮಾತು ರೋಗಿಗೆ ಸಲ್ಲುವುದೋ ಇಲ್ಲವೋ, ರೋಗಿಯ ಸುತ್ತ ನಿಂತ ಮನೆಯವರಿಗಂತೂ ಚೆನ್ನಾಗಿ ಸಲ್ಲುತ್ತದೆ. ಮಗುವಿನ ಕಣ್ಣು ಹಳದಿಯಾಯಿತೆಂದರೆ ಎಲ್ಲರ ಗಮನವೂ ಆ ಹಳದಿಯ ಮೇಲೆಯೇ ನೆಲೆಸುತ್ತದೆ. ಬೆಳಗಾದರೆ ಕಣ್ಣು ಬಿಡಿಸಿ ನೋಡುವುದು, ಸಂಜೆಯಾದರೆ ಉಗುರು ಒತ್ತಿ ನೋಡುವುದು. ಹಳದಿ ಇಳಿಯಿತೆಂದರೆ ರೋಗವೂ ಇಳಿಯಿತೆಂದು ಸಮಾಧಾನ ಪಡುವುದು. ಆದರೆ ಮಕ್ಕಳಿಗೆ ಬರುವ ಕಾಮಾಲೆಗಳಲ್ಲಿ ಕೆಲವು ಉಂಟು. ಅಲ್ಲಿ ಮೊದಲು ನೋಡಬೇಕಾದುದು ಹಳದಿಯನ್ನಲ್ಲ, ಬಿಳಿಯನ್ನು. ಕಣ್ಣಿನ ಹಳದಿಗಿಂತ ಮಲದ ಬಿಳುಪು ಅಲ್ಲಿ ಹೆಚ್ಚಿನ ಮಾತನ್ನು ಹೇಳುತ್ತದೆ.

ಇದನ್ನು ಬರೆಯುತ್ತಿರುವವನು ವೈದ್ಯನಲ್ಲ; ಸರ್ಕಾರಿ ಕಚೇರಿಯಲ್ಲಿ ಕಡತ ನೋಡುವ ಗುಮಾಸ್ತ. ನಮ್ಮ ಸಂಘದ ಒಂದು ಕುಟುಂಬದ ಜೊತೆಗೆ ಕೆಲವು ತಿಂಗಳ ಕಾಲ ಆಸ್ಪತ್ರೆಗೆ ಓಡಾಡಿದಾಗ ವೈದ್ಯರಿಂದ ಕೇಳಿದುದನ್ನೂ, ಆಮೇಲೆ ಓದಿ ತಿಳಿದುದನ್ನೂ ನಮ್ಮ ಗೃಹಿಣಿಯರ ಮುಂದಿಡುವುದು ಒಳ್ಳೆಯದೆಂದು ತೋರಿತು. ರೋಗ ಅಪರೂಪದ್ದು, ನಿಜ. ಪಾಶ್ಚಾತ್ಯ ದೇಶಗಳಲ್ಲಿ ಒಂದು ಲಕ್ಷದಿಂದ ಒಂದೂವರೆ ಲಕ್ಷ ಮಕ್ಕಳಿಗೆ ಒಂದರಂತೆ ಎಂದು ಲೆಕ್ಕ ಹಾಕಿದ್ದಾರೆ. ಜಪಾನು ಮೊದಲಾದ ಏಷ್ಯದ ನಾಡುಗಳಲ್ಲಿ ಇದು ಅದಕ್ಕಿಂತ ಎಷ್ಟೋ ಹೆಚ್ಚು. ಅಪರೂಪದ ರೋಗಕ್ಕೆ ಒಂದು ಕೆಟ್ಟ ಗುಣವಿದೆ: ಯಾರೂ ಅದನ್ನು ನೆನೆಯುವುದಿಲ್ಲ. ನೆನೆಯದೆ ಇದ್ದುದರಿಂದಲೇ ಅದು ಬೆಳೆಯುತ್ತದೆ.

ಪಿತ್ತದ ದಾರಿ

ನಮ್ಮ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬಿನ ಮರೆಯಲ್ಲಿ ಯಕೃತ್ತು ಇದೆ. ಅದು ಹಗಲೂ ರಾತ್ರಿ ಪಿತ್ತರಸವನ್ನು ತಯಾರಿಸುತ್ತಿರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಈ ರಸ ಉತ್ಪನ್ನವಾಗುತ್ತದೆ. ಯಕೃತ್ತಿನೊಳಗಿನ ಸಣ್ಣ ಸಣ್ಣ ಕಾಲುವೆಗಳು ಹಳ್ಳ ಹೊಳೆ ಸೇರುವಂತೆ ಕೂಡಿಕೊಂಡು, ಕೊನೆಗೆ ಒಂದೇ ಪಿತ್ತನಾಳವಾಗಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಬಂದು ಸೇರುತ್ತವೆ. ದಾರಿಯ ಪಕ್ಕದಲ್ಲಿ ಪಿತ್ತಕೋಶವೆಂಬ ಪುಟ್ಟ ತೊಟ್ಟಿ. ಕರುಳನ್ನು ಸೇರುವ ಮುನ್ನ ಮೇದೋಜೀರಕ ಗ್ರಂಥಿಯಿಂದ ಬರುವ ಇನ್ನೊಂದು ನಾಳವೂ ಇದರೊಡನೆ ಕೂಡುತ್ತದೆ.

ಪಿತ್ತಕ್ಕೆ ಎರಡು ಕೆಲಸ. ಒಂದು, ತುಪ್ಪ ಎಣ್ಣೆ ಹಾಲಿನ ಕೊಬ್ಬನ್ನು ಒಡೆದು ಜೀರ್ಣಕ್ಕೆ ಅಣಿಗೊಳಿಸುವುದು. ಆ ಕೊಬ್ಬಿನ ಜೊತೆಯಲ್ಲಿಯೇ ಎ, ಡಿ, ಇ, ಕೆ ಎಂಬ ನಾಲ್ಕು ಜೀವಸತ್ವಗಳು ಮೈಗೆ ಹತ್ತಬೇಕು. ಇನ್ನೊಂದು, ರಕ್ತದ ಕೆಂಪು ಕಣಗಳು ಹಳೆಯದಾಗಿ ಒಡೆದಾಗ ಉಳಿಯುವ ಹಳದಿ ವಸ್ತುವನ್ನು ಹೊರಕ್ಕೆ ಸಾಗಿಸುವುದು. ಮಲಕ್ಕೆ ಬಣ್ಣ ಬರುವುದು ಈ ವಸ್ತುವಿನಿಂದಲೇ. ಆದುದರಿಂದ ಪಿತ್ತದ ದಾರಿ ಕಟ್ಟಿಕೊಂಡರೆ ಆಗುವುದೇನೆಂಬುದನ್ನು ಯಾರಾದರೂ ಊಹಿಸಬಹುದು. ಹೊರಗೆ ಹೋಗಬೇಕಾದ ಬಣ್ಣ ರಕ್ತದಲ್ಲಿ ಉಳಿದು ಕಣ್ಣು, ಮೈ, ಮೂತ್ರ ಹಳದಿಯಾಗುತ್ತವೆ; ಬಣ್ಣ ಸಿಗದ ಮಲ ಸುಣ್ಣದಂತೆ, ಬೂದಿಯಂತೆ ಬಿಳುಪೇರುತ್ತದೆ. ಕೆ ಜೀವಸತ್ವ ಸಿಗದೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಹಸುಳೆಗಳಲ್ಲಿ ಇದರಿಂದ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವೂ ಉಂಟು.

ಎರಡು ವಾರದ ಲೆಕ್ಕ

ಇಷ್ಟು ಓದಿ ಹೊಸ ತಾಯಂದಿರು ಗಾಬರಿಯಾಗಬಾರದು. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೆಯ ಮೂರನೆಯ ದಿನ ಮೈ ಹಳದಿಯಾಗುವುದು ಸಹಜ. ಎಳೆಯ ಯಕೃತ್ತು ಕೆಲಸಕ್ಕೆ ಇನ್ನೂ ಪಳಗಿರುವುದಿಲ್ಲ. ವೈದ್ಯರು ರಕ್ತ ನೋಡಿ, ಬೇಕಾದರೆ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಬಹುಪಾಲು ಮಕ್ಕಳಲ್ಲಿ ಎರಡು ವಾರದೊಳಗೆ ಎಲ್ಲ ತಿಳಿಯಾಗುತ್ತದೆ. ಎದೆಹಾಲು ಕುಡಿಯುವ ಕೆಲವು ಕೂಸುಗಳಲ್ಲಿ ಹಳದಿ ಇನ್ನೂ ಕೆಲವು ವಾರ ಉಳಿಯುವುದುಂಟು. ಅಂಥ ಕೂಸಿನ ಮಲ ಸಾಸಿವೆಯಂತೆ ಹಳದಿಯಾಗಿಯೇ ಇರುತ್ತದೆ, ಮೂತ್ರ ನೀರಿನಂತೆ ಇರುತ್ತದೆ.

ಎರಡು ವಾರ ಕಳೆದ ಮೇಲೂ ಕಣ್ಣು ಹಳದಿಯಾಗಿದ್ದರೆ, ದಿನ ತುಂಬದೆ ಹುಟ್ಟಿದ ಕೂಸಿಗೆ ಮೂರು ವಾರ ಕಳೆದರೆ, ಬಿಸಿಲಿಗೆ ಹಿಡಿದು ಸುಮ್ಮನಿರಬಾರದು. ವೈದ್ಯರಲ್ಲಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು. ಈ ಪರೀಕ್ಷೆಯಲ್ಲಿ ಹಳದಿ ವಸ್ತುವಿನ ಒಟ್ಟು ಮೊತ್ತವನ್ನು ಮಾತ್ರವಲ್ಲ, ಅದರಲ್ಲಿ ಯಕೃತ್ತನ್ನು ದಾಟಿ ಬಂದ ಭಾಗ ಎಷ್ಟು ಎಂಬುದನ್ನೂ ಅಳೆಯುತ್ತಾರೆ. ಆ ಭಾಗ ಹೆಚ್ಚಾಗಿದ್ದರೆ ದೋಷ ಪಿತ್ತದ ದಾರಿಯಲ್ಲಿಯೋ ಯಕೃತ್ತಿನಲ್ಲಿಯೋ ಇರಬೇಕು. ಲಂಗೋಟಿಯ ಮೇಲೆ ಮೂತ್ರದ ಹಳದಿ ಕಲೆ ಉಳಿಯುತ್ತಿದ್ದರೆ, ಅಥವಾ ಮಲ ಬಿಳುಪಾಗಿದ್ದರೆ, ಎರಡು ವಾರವನ್ನೂ ಕಾಯಬೇಕಾಗಿಲ್ಲ.

ಇಲ್ಲಿ ಅವಸರವೇಕೆ? ಪಿತ್ತನಾಳವೇ ಮುಚ್ಚಿಹೋಗುವ ಇನ್ನೊಂದು ರೋಗ ಹಸುಳೆಗಳಿಗೆ ಬರುವುದುಂಟು. ಅದಕ್ಕೆ ಜಪಾನಿನ ಸೆಂಡೈ ನಗರದ ಮೋರಿಯೊ ಕಸಾಯ್ ಎಂಬ ಶಸ್ತ್ರವೈದ್ಯರು ೧೯೫೦ರ ದಶಕದಲ್ಲಿ ಒಂದು ಶಸ್ತ್ರಚಿಕಿತ್ಸೆಯನ್ನು ಕಂಡುಹಿಡಿದರು. ಕೂಸಿಗೆ ೬೦ ದಿನ ತುಂಬುವುದರೊಳಗೆ ಅದು ನಡೆದರೆ ಫಲ ಹೆಚ್ಚು. ತಡವಾದಷ್ಟೂ ಯಕೃತ್ತು ಗಡುಸಾಗುತ್ತ ಹೋಗುತ್ತದೆ. ತೈವಾನಿನಲ್ಲಿ ೨೦೦೪ರಿಂದ ಪ್ರತಿಯೊಬ್ಬ ಬಾಣಂತಿಗೂ ಮಲದ ಬಣ್ಣಗಳನ್ನು ಮುದ್ರಿಸಿದ ಒಂದು ಚೀಟಿಯನ್ನು ಕೊಡುತ್ತಾರೆ. ಜಪಾನಿನಲ್ಲಿ ೨೦೧೨ರಿಂದ ತಾಯಿ ಮಗುವಿನ ಆರೋಗ್ಯ ಪುಸ್ತಕದಲ್ಲಿಯೇ ಅದು ಸೇರಿದೆ. ತಾಯಿ ಲಂಗೋಟಿಯನ್ನು ಆ ಚಿತ್ರದ ಪಕ್ಕದಲ್ಲಿ ಹಿಡಿದು ನೋಡಿದರೆ ಸಾಕು. ಇಷ್ಟು ಅಗ್ಗದ ಪರೀಕ್ಷೆ ಮತ್ತೊಂದಿರಲಾರದು.

ನಾಳದಲ್ಲಿ ಚೀಲ

ಇನ್ನು ನಮ್ಮ ವಿಷಯಕ್ಕೆ ಬರೋಣ. ಕೆಲವು ಮಕ್ಕಳಲ್ಲಿ ಪಿತ್ತನಾಳ ಮುಚ್ಚಿರುವುದಿಲ್ಲ, ಉಬ್ಬಿರುತ್ತದೆ. ಕೆಲವು ಮಿಲಿಮೀಟರು ಅಗಲವಿರಬೇಕಾದ ನಾಳ ನಿಂಬೆಹಣ್ಣಿನಷ್ಟು, ಕಿತ್ತಳೆಯಷ್ಟು, ಕೆಲವೊಮ್ಮೆ ಅದಕ್ಕೂ ದೊಡ್ಡ ಚೀಲವಾಗಿರುತ್ತದೆ. ಇದನ್ನು ಹುಟ್ಟಿನಿಂದ ಬಂದ ಪಿತ್ತನಾಳದ ಚೀಲವೆನ್ನುತ್ತಾರೆ. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಮೂರು ನಾಲ್ಕು ಪಟ್ಟು ಹೆಚ್ಚು.

ಚೀಲ ಏಕೆ ಆಗುತ್ತದೆ? ೧೯೬೯ರಲ್ಲಿ ಬ್ಯಾಬಿಟ್ ಎಂಬ ಅಮೆರಿಕದ ವೈದ್ಯರು ಒಂದು ವಿವರಣೆಯನ್ನು ಕೊಟ್ಟರು. ಪಿತ್ತನಾಳವೂ ಮೇದೋಜೀರಕದ ನಾಳವೂ ಕರುಳಿನ ಗೋಡೆಯೊಳಗೆ ಕೂಡುವುದು ರೂಢಿ. ಅಲ್ಲಿ ಒಂದು ಸಣ್ಣ ಸ್ನಾಯು ಬಾಗಿಲು ಕಾಯುವವನಂತೆ ನಿಂತು, ಒಂದರ ರಸ ಇನ್ನೊಂದಕ್ಕೆ ನುಗ್ಗದಂತೆ ತಡೆಯುತ್ತದೆ. ಈ ಮಕ್ಕಳಲ್ಲಿ ಎರಡೂ ನಾಳಗಳು ಗೋಡೆಯಿಂದ ದೂರದಲ್ಲಿಯೇ ಕೂಡಿಬಿಟ್ಟಿರುತ್ತವೆ. ಕಾವಲುಗಾರನಿಗೆ ಆ ಸಂಗಮದ ಮೇಲೆ ಅಧಿಕಾರವಿಲ್ಲ. ಮೇದೋಜೀರಕದ ರಸ ಪಿತ್ತನಾಳದೊಳಕ್ಕೆ ಹಿಮ್ಮುಖವಾಗಿ ಹರಿಯುತ್ತದೆ. ಆಹಾರವನ್ನೇ ಕರಗಿಸಬಲ್ಲ ರಸ ನಾಳದ ಗೋಡೆಯನ್ನು ಬಿಟ್ಟೀತೆ? ಗೋಡೆ ದುರ್ಬಲವಾಗಿ ಉಬ್ಬುತ್ತದೆ. ಎಲ್ಲ ಮಕ್ಕಳ ಚೀಲಕ್ಕೂ ಇದೊಂದೇ ಕಾರಣವೆನ್ನುವಂತಿಲ್ಲ. ತಾಯಿಯ ಗರ್ಭದಲ್ಲಿಯೇ ಚೀಲ ಕಂಡುಬಂದ ಮಕ್ಕಳೂ ಇದ್ದಾರೆ. ಆದರೆ ಒಂದು ಮಾತು ಖಚಿತ. ತಾಯಿ ಬಸುರಿಯಲ್ಲಿ ಏನು ತಿಂದಳು, ಯಾವ ಗ್ರಹಣ ನೋಡಿದಳು ಎಂಬುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಈ ಪ್ರಶ್ನೆಯನ್ನು ಸೊಸೆಯ ಮುಂದೆ ಎತ್ತುವ ಮನೆಗಳು ಇನ್ನೂ ಇರುವುದರಿಂದ ಇದನ್ನು ಹೇಳಬೇಕಾಯಿತು.

ಬಂದು ಹೋಗುವ ಕಾಮಾಲೆ

ಹೊಟ್ಟೆನೋವು, ಕಾಮಾಲೆ, ಬಲಪಕ್ಕೆಯ ಕೆಳಗೆ ಗಂಟು: ಈ ಮೂರು ಲಕ್ಷಣಗಳನ್ನು ವೈದ್ಯಗ್ರಂಥಗಳು ಹೇಳುತ್ತವೆ. ಆದರೆ ಮೂರೂ ಒಟ್ಟಿಗೆ ಕಾಣುವುದು ಸ್ವಲ್ಪ ಮಕ್ಕಳಲ್ಲಿ ಮಾತ್ರ. ಹಸುಳೆಗಳಲ್ಲಿ ಹೆಚ್ಚಾಗಿ ಕಾಣುವುದು ಕಾಮಾಲೆ ಮತ್ತು ಬಿಳಿಯ ಮಲ. ನಡೆದಾಡುವ ವಯಸ್ಸಿನ ಮಕ್ಕಳಲ್ಲಿ ಆಗಾಗ್ಗೆ ಬರುವ ಹೊಟ್ಟೆನೋವು, ವಾಂತಿ, ನಡುನಡುವೆ ಜ್ವರ, ಕಣ್ಣಿನಲ್ಲಿ ತುಸು ಹಳದಿ. ಕೆಲವು ದಿನಗಳಲ್ಲಿ ಎಲ್ಲವೂ ತಾನಾಗಿ ಮಾಯವಾಗುತ್ತದೆ. ತಿಂಗಳೋ ಆರು ತಿಂಗಳೋ ಕಳೆದು ಮತ್ತೆ ಬರುತ್ತದೆ. ರೋಗದ ಮೋಸವೆಲ್ಲ ಈ ಬಂದುಹೋಗುವ ಆಟದಲ್ಲಿದೆ.

ನಾನು ಮೇಲೆ ಹೇಳಿದ ಕುಟುಂಬದ ಹುಡುಗಿಗೆ ಆಗ ನಾಲ್ಕು ವರ್ಷ. ವರ್ಷದಲ್ಲಿ ಮೂರು ಸಲ ಹೊಟ್ಟೆನೋವು ಬಂದಿತ್ತು. ಮೊದಲ ಸಲ ಜಂತುಹುಳುವೆಂದು ಔಷಧ ಕೊಟ್ಟರು. ಎರಡನೆಯ ಸಲ ಕಣ್ಣು ಹಳದಿಯಾಯಿತು. ಊರಿನಿಂದ ಅಜ್ಜಿ ನೆಲನೆಲ್ಲಿಯ ಸೊಪ್ಪಿನ ಮದ್ದನ್ನು ಬಸ್ಸಿನವರ ಕೈಯಲ್ಲಿ ಕಳಿಸಿದರು. ಒಗ್ಗರಣೆಯಿಲ್ಲದ ಅನ್ನ ಮಜ್ಜಿಗೆಯ ಪಥ್ಯವಾಯಿತು. ಹತ್ತು ದಿನದಲ್ಲಿ ಕಣ್ಣು ತಿಳಿಯಾಯಿತು. ಮದ್ದು ಫಲಿಸಿತೆಂದು ಮನೆಯವರು ಸಂತೋಷಪಟ್ಟುದರಲ್ಲಿ ತಪ್ಪೇನೂ ಇಲ್ಲ; ಯಾರಿಗಾದರೂ ಹಾಗೆಯೇ ತೋರುತ್ತಿತ್ತು. ಮೂರನೆಯ ಸಲ ನೋವು ಎಷ್ಟು ಜೋರಾಯಿತೆಂದರೆ ಹುಡುಗಿ ಮಂಡಿಯನ್ನು ಎದೆಗೆ ಒತ್ತಿಕೊಂಡು ರಾತ್ರಿಯೆಲ್ಲ ಅತ್ತಳು. ಆಗ ಒಬ್ಬ ಮಕ್ಕಳ ವೈದ್ಯರು ಹೊಟ್ಟೆಯ ಸ್ಕ್ಯಾನು ಮಾಡಿಸಿದರು. ಕಾಲು ಗಂಟೆಯಲ್ಲಿ ಚೀಲ ಕಣ್ಣಿಗೆ ಬಿತ್ತು. ಹೋಗಿದ್ದದ್ದು ಹಳದಿ ಮಾತ್ರ. ಚೀಲ ಒಳಗೇ ಇತ್ತು.

ಸೊಪ್ಪಿನ ಮದ್ದಿಗೆ ಹೆಸರು ಬಂದದ್ದು ಹೇಗೆಂಬುದು ಇದರಿಂದ ತಿಳಿಯುತ್ತದೆ. ಮಕ್ಕಳಿಗೆ ಸಾಮಾನ್ಯವಾಗಿ ಬರುವ ಕಾಮಾಲೆ ಕೊಳೆನೀರು, ಕೊಳೆ ಆಹಾರದಿಂದ ಹಬ್ಬುವ ಸೋಂಕಿನದು. ಅದು ಬಹುತೇಕ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಕೀರ್ತಿ ಆ ದಿನಗಳಲ್ಲಿ ಕೊಟ್ಟ ಮದ್ದಿಗೆ ಹೋಗುತ್ತದೆ. ಚೀಲದ ಕಾಮಾಲೆಯೂ ದಾರಿ ಸ್ವಲ್ಪ ಬಿಟ್ಟುಕೊಂಡಾಗ ಇಳಿಯುತ್ತದೆ, ಕೀರ್ತಿ ಮತ್ತೆ ಮದ್ದಿಗೇ. ಕೈಗೆ ಬರೆ ಹಾಕಿಸುವುದಂತೂ ಮಗುವಿಗೆ ಇನ್ನೊಂದು ನೋವನ್ನು ಕೊಡುವುದಲ್ಲದೆ ಬೇರೇನೂ ಅಲ್ಲ. ಒಮ್ಮೆ ಬಂದ ಕಾಮಾಲೆ ಎರಡನೆಯ ಸಲ ಬಂದರೆ, ಅಥವಾ ಕಾಮಾಲೆಯ ಜೊತೆ ಹೊಟ್ಟೆನೋವು ಮರಳಿ ಮರಳಿ ಬರುತ್ತಿದ್ದರೆ, ಹೊಟ್ಟೆಯ ಸ್ಕ್ಯಾನು ಮಾಡಿಸದೆ ಬಿಡಬಾರದು. ಇದರಲ್ಲಿ ಸೂಜಿಯಿಲ್ಲ, ನೋವಿಲ್ಲ, ಕ್ಷಕಿರಣವೂ ಇಲ್ಲ. ಶಬ್ದದ ಅಲೆಗಳಿಂದ ನೋಡುವುದು. ಕೆಲವು ಗಂಟೆ ಹೊಟ್ಟೆ ಖಾಲಿಯಿದ್ದರೆ ಚೆನ್ನಾಗಿ ಕಾಣುತ್ತದೆ. ಚೀಲವೆಂದು ತಿಳಿದ ಮೇಲೆ ನಾಳಗಳ ನಕ್ಷೆಯನ್ನು ಸ್ಪಷ್ಟವಾಗಿ ಪಡೆಯಲು ಕಾಂತಶಕ್ತಿಯ ಸ್ಕ್ಯಾನನ್ನು ಮಾಡುತ್ತಾರೆ.

ಚೀಲವನ್ನು ಹಾಗೆಯೇ ಬಿಟ್ಟರೆ ನಿಂತ ನೀರಿನಲ್ಲಿ ಆಗುವುದೆಲ್ಲ ಅಲ್ಲಿಯೂ ಆಗುತ್ತದೆ. ಪಿತ್ತ ಕೊಳೆತು ಸೋಂಕು ಹತ್ತುತ್ತದೆ, ಕಲ್ಲು ಕಟ್ಟುತ್ತದೆ, ಮೇದೋಜೀರಕ ಊದಿಕೊಳ್ಳುತ್ತದೆ, ಯಕೃತ್ತು ಗಡುಸಾಗುತ್ತದೆ. ಅಪರೂಪವಾಗಿ ಚೀಲ ಒಡೆಯುವುದೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ವಯಸ್ಸು ಏರಿದಂತೆ ಚೀಲದ ಗೋಡೆಯಲ್ಲಿ ಕ್ಯಾನ್ಸರು ಹುಟ್ಟುವ ಸಂಭವ ಏರುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಇದು ನೂರಕ್ಕೆ ಒಂದಕ್ಕಿಂತ ಕಡಿಮೆ. ಇಪ್ಪತ್ತು ದಾಟಿದವರಲ್ಲಿ ನೂರಕ್ಕೆ ಹತ್ತನ್ನು ಮೀರುತ್ತದೆಂದು ಹಿಂದಿನ ರೋಗಿಗಳ ಲೆಕ್ಕದಿಂದ ಕಂಡುಬಂದಿದೆ.

ಚಿಕಿತ್ಸೆ ಬೆಳೆದ ಬಗೆ

ವೈದ್ಯರಿಗೂ ಈ ರೋಗ ಒಂದೇ ದಿನಕ್ಕೆ ಅರ್ಥವಾದುದಲ್ಲ. ಪಿತ್ತನಾಳ ಹೀಗೆ ಉಬ್ಬುವುದನ್ನು ಮೊದಲು ವಿವರಿಸಿದವರು ಜರ್ಮನಿಯ ಅಂಗರಚನಾ ಶಾಸ್ತ್ರಜ್ಞ ಅಬ್ರಹಾಂ ಫಾಟರ್, ಅದು ೧೭೨೩ರಲ್ಲಿ. ರೋಗಿಯ ಲಕ್ಷಣಗಳನ್ನು ಪೂರ್ಣವಾಗಿ ಬರೆದಿಟ್ಟವರು ಎಡಿನ್‌ಬರೋದ ಡಗ್ಲಸ್, ೧೮೫೨ರಲ್ಲಿ. ಅವರ ರೋಗಿ ಹದಿನೇಳು ವರ್ಷದ ಹುಡುಗಿ. ಚೀಲಕ್ಕೆ ಚುಚ್ಚಿ ರಸವನ್ನು ಹೊರತೆಗೆದರೂ ಅವಳು ಉಳಿಯಲಿಲ್ಲ.

ಆಮೇಲೆ ಬಹುಕಾಲ ಶಸ್ತ್ರವೈದ್ಯರು ಒಂದು ಸುಲಭದ ದಾರಿಯನ್ನು ಹಿಡಿದರು. ಚೀಲವನ್ನು ಅಲ್ಲಿಯೇ ಬಿಟ್ಟು, ಅದಕ್ಕೆ ಒಂದು ಕಿಂಡಿ ಮಾಡಿ ಕರುಳಿಗೆ ಹೊಲಿಯುವುದು. ಪಿತ್ತ ಹರಿಯಿತು, ಕಾಮಾಲೆ ಇಳಿಯಿತು, ಮಗು ನಗುತ್ತ ಮನೆಗೆ ಹೋಯಿತು. ಆದರೆ ಕೆಲವು ವರ್ಷಗಳ ಮೇಲೆ ಅದೇ ಮಕ್ಕಳು ಚಳಿಜ್ವರ, ಕಲ್ಲುಗಳೊಂದಿಗೆ ಮರಳಿ ಬರತೊಡಗಿದರು. ಕೆಲವರಿಗೆ ಉಳಿದ ಚೀಲದಲ್ಲಿಯೇ ಕ್ಯಾನ್ಸರು ಕಾಣಿಸಿತು. ಚೀಲವನ್ನೇ ತೆಗೆದುಹಾಕಿದ ವರದಿ ಅಮೆರಿಕದಿಂದ ೧೯೨೪ರಷ್ಟು ಹಿಂದೆಯೇ ಬಂದಿತ್ತಾದರೂ, ಅದೇ ಸರಿಯಾದ ದಾರಿಯೆಂಬುದು ನೆಲೆಗೊಂಡದ್ದು ೧೯೭೦ರ ನಂತರವೇ. ನಡುವೆ ೧೯೫೯ರಲ್ಲಿ ಅಲೋನ್ಸೋ-ಲೆಖ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ಚೀಲಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ೧೯೭೭ರಲ್ಲಿ ಜಪಾನಿನ ತೊದಾನಿ ಅದನ್ನು ಐದಕ್ಕೆ ವಿಸ್ತರಿಸಿದರು. ಇಂದಿಗೂ ವೈದ್ಯರು ಬಳಸುವುದು ಆ ಐದನ್ನೇ. ಮುಖ್ಯ ನಾಳವೇ ಉಬ್ಬುವ ಮೊದಲನೆಯ ಬಗೆಯೇ ಹೆಚ್ಚು. ಯಕೃತ್ತಿನೊಳಗಿನ ಕವಲುಗಳು ಮಾತ್ರ ಉಬ್ಬುವ ಐದನೆಯ ಬಗೆ ವಿರಳವಾದರೂ ಹೆಚ್ಚು ತೊಡಕಿನದು. ಅದು ತೀವ್ರವಾದಾಗ ಯಕೃತ್ತನ್ನೇ ಬದಲಿಸಬೇಕಾಗಬಹುದು.

ಈಗ ಮಾಡುವುದು ಇಷ್ಟು. ಉಬ್ಬಿದ ನಾಳವನ್ನೂ ಪಿತ್ತಕೋಶವನ್ನೂ ಪೂರ್ತಿಯಾಗಿ ತೆಗೆದು, ಯಕೃತ್ತಿನ ಬುಡದಲ್ಲಿ ಉಳಿದ ಆರೋಗ್ಯವಂತ ನಾಳಕ್ಕೆ ಸಣ್ಣ ಕರುಳಿನ ಒಂದು ತುಂಡನ್ನು ಮೇಲಕ್ಕೆ ತಂದು ಹೊಲಿಯುತ್ತಾರೆ. ಕರುಳು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಕೂಡುತ್ತದೆ. ಸ್ವಿಟ್ಜರ್ಲೆಂಡಿನ ಸೆಸಾರ್ ರೂ ಎಂಬ ಶಸ್ತ್ರವೈದ್ಯರ ಹೆಸರಿನಿಂದ ಈ ಜೋಡಣೆ ಪ್ರಸಿದ್ಧವಾಗಿದೆ. ಕೆಲವರು ಕರುಳಿನ ಮೊದಲ ಭಾಗಕ್ಕೇ ನೇರವಾಗಿ ಹೊಲಿಯುತ್ತಾರೆ. ಹೀಗೆ ಮಾಡಿದಾಗ ಪಿತ್ತಕ್ಕೆ ಹೊಸ ದಾರಿಯಾಗುತ್ತದೆ, ಮೇದೋಜೀರಕದ ರಸಕ್ಕೂ ಪಿತ್ತಕ್ಕೂ ಸಂಬಂಧವೇ ಕಡಿದುಹೋಗುತ್ತದೆ. ೧೯೯೫ರಲ್ಲಿ ಇಟಲಿಯಿಂದ ಮೊದಲ ವರದಿ ಬಂದಂದಿನಿಂದ ಸಣ್ಣ ರಂಧ್ರಗಳ ಮೂಲಕ ದುರ್ಬೀನಿನ ಸಹಾಯದಿಂದಲೂ ಇದನ್ನು ಮಾಡುತ್ತಿದ್ದಾರೆ. ಹೇಗೆ ಮಾಡಿದರೂ ಇದು ಹಲವು ಗಂಟೆಗಳ ನಾಜೂಕಿನ ಕೆಲಸ. ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೈಯೇ ಬೇಕು. “ಚೀಲವನ್ನು ಪೂರ್ತಿ ತೆಗೆಯುತ್ತೀರಾ?” ಎಂಬ ಒಂದು ಪ್ರಶ್ನೆಯನ್ನು ತಂದೆತಾಯಿ ಧೈರ್ಯವಾಗಿ ಕೇಳಬಹುದು.

ಊರು ಬಿಟ್ಟವರ ಅನುಕೂಲ, ಅನಾನುಕೂಲ

ನಮ್ಮಂತೆ ಊರು ಬಿಟ್ಟು ಬಂದವರಿಗೆ ಒಂದು ಅನುಕೂಲವುಂಟು: ದೊಡ್ಡ ಆಸ್ಪತ್ರೆಗಳು ಬಳಿಯಲ್ಲಿವೆ. ಮುಂಬಯಿಯ ಪರೇಲಿನಲ್ಲಿ ೧೯೨೯ರಿಂದ ನಡೆದುಬಂದ ವಾಡಿಯಾ ಮಕ್ಕಳ ಆಸ್ಪತ್ರೆ, ಚೆನ್ನೈಯ ಎಗ್ಮೋರಿನ ಸರ್ಕಾರಿ ಮಕ್ಕಳ ಆಸ್ಪತ್ರೆ, ಹೈದರಾಬಾದಿನ ನಿಲೋಫರ್, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮೊದಲಾದೆಡೆ ಮಕ್ಕಳ ಶಸ್ತ್ರಚಿಕಿತ್ಸೆಗೆಂದೇ ವಿಭಾಗಗಳಿವೆ. ಶಸ್ತ್ರಚಿಕಿತ್ಸೆಗೆ ಊರಿಗೆ ಹೋಗಿಯೇ ತೀರಬೇಕೆಂದು ವಾರಗಟ್ಟಲೆ ಕಾಯಬೇಕಾಗಿಲ್ಲ.

ಅನಾನುಕೂಲ ಭಾಷೆಯದು. ಕಾಮಾಲೆ ಹಿಂದಿಯಲ್ಲಿ ಪೀಲಿಯಾ, ಮರಾಠಿಯಲ್ಲಿ ಕಾವೀಳ, ತಮಿಳಿನಲ್ಲಿ ಮಂಜಳ್ ಕಾಮಾಲೈ, ತೆಲುಗಿನಲ್ಲಿ ಪಚ್ಚಕಾಮೆರ್ಲು. ಈ ಹೆಸರನ್ನು ಹೇಗೋ ಕಲಿತುಕೊಳ್ಳಬಹುದು. ಆದರೆ ಮಗುವಿನ ಮಲದ ಬಣ್ಣ ಯಾವಾಗ ಬದಲಾಯಿತು, ನೋವು ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ಹೇಳಬಲ್ಲವಳು ತಾಯಿ ಒಬ್ಬಳೇ. ವೈದ್ಯರ ಮುಂದೆ ಮಾತ್ರ ಗಂಡ ಮಾತನಾಡುತ್ತಾನೆ, ಅವನು ಹಗಲೆಲ್ಲ ಕಚೇರಿಯಲ್ಲಿದ್ದವನು. ಇಂಥ ಸಮಯದಲ್ಲಿ ಸಂಘದ ಸದಸ್ಯರೊಬ್ಬರು ಜೊತೆಗೆ ಹೋಗಿ ತಾಯಿಯ ಮಾತನ್ನು ಅಲ್ಲಿನ ಭಾಷೆಗೆ ತಿರುಗಿಸಿ ಹೇಳಿದರೆ ಅದು ರಾಜ್ಯೋತ್ಸವದ ಭಾಷಣಕ್ಕಿಂತ ಕಡಿಮೆಯ ಕನ್ನಡ ಸೇವೆಯಲ್ಲ. ಭಾಷೆ ಗೊತ್ತಿಲ್ಲದಿದ್ದರೆ ಬಿಳಿಯ ಮಲದ ಒಂದು ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ತೋರಿಸಬಹುದು. ಇದರಲ್ಲಿ ಸಂಕೋಚ ಬೇಡ.

ಇನ್ನೊಂದು ಮಾತು ಗುಮಾಸ್ತನಾಗಿ ಹೇಳಬೇಕಾದುದು. ಶಸ್ತ್ರಚಿಕಿತ್ಸೆ ಮುಗಿದೊಡನೆ ಕಡತ ಮುಗಿಯುವುದಿಲ್ಲ. ಹೊಲಿದ ಜಾಗ ಮುಂದೆಂದಾದರೂ ಕಿರಿದಾಗಬಹುದು, ಸೋಂಕು ತಗಲಬಹುದು, ಕಲ್ಲು ಕಟ್ಟಬಹುದು. ಕ್ಯಾನ್ಸರಿನ ಭಯ ಬಹಳ ಮಟ್ಟಿಗೆ ತಗ್ಗಿದರೂ ಪೂರ್ತಿ ಇಲ್ಲವಾಗುವುದಿಲ್ಲ. ಆದುದರಿಂದ ವೈದ್ಯರು ಹೇಳಿದ ಕಾಲಕ್ಕೆ ರಕ್ತಪರೀಕ್ಷೆ, ಸ್ಕ್ಯಾನು ನಡೆಯುತ್ತಲೇ ಇರಬೇಕು. ಚಳಿಜ್ವರದ ಜೊತೆಗೆ ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಮಗೆ ವರ್ಗಾವಣೆಯ ಬಾಳು. ಇಂದು ಪುಣೆ, ನಾಳೆ ನಾಗಪುರ. ಯಾವ ಬಗೆಯ ಚೀಲ, ಏನನ್ನು ತೆಗೆದರು, ಎಲ್ಲಿಗೆ ಜೋಡಿಸಿದರು ಎಂಬ ಶಸ್ತ್ರಚಿಕಿತ್ಸೆಯ ವಿವರ, ಚೀಲದ ಪ್ರಯೋಗಾಲಯದ ವರದಿ, ಸ್ಕ್ಯಾನುಗಳು, ಇವನ್ನು ಒಂದೇ ಕಡತದಲ್ಲಿಟ್ಟು ಅಡುಗೆ ಪಾತ್ರೆಗಳಿಗಿಂತ ಮೊದಲು ಅದನ್ನು ಕಟ್ಟಬೇಕು. ಹೊಸ ಊರಿನ ವೈದ್ಯರಿಗೆ ಆ ಕಾಗದಗಳೇ ಕಣ್ಣು.

ಹೆಣ್ಣುಮಕ್ಕಳ ಮಾತು

ಈ ರೋಗ ಹುಡುಗಿಯರಿಗೇ ಹೆಚ್ಚು ಎಂದೆವು. ಹೆಣ್ಣುಮಗುವಿನ ಹೊಟ್ಟೆನೋವನ್ನು ಶಾಲೆ ತಪ್ಪಿಸುವ ನೆಪವೆಂದು ತಳ್ಳಿಬಿಡುವುದೂ ನಮ್ಮ ಮನೆಗಳಲ್ಲಿ ಹೆಚ್ಚು. ರೋಗ ಗೊತ್ತಾದ ಮೇಲೂ “ಹೊಟ್ಟೆಯ ಮೇಲೆ ಗಾಯದ ಗೆರೆ ಉಳಿದರೆ ನಾಳೆ ಮದುವೆಯ ಗತಿಯೇನು?” ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಪರಿಚಯದ ಮನೆಯಲ್ಲಿಯೂ ಹಿರಿಯರೊಬ್ಬರು ಇದನ್ನು ಕೇಳಿದರು. ಹುಡುಗಿಯ ತಾಯಿ, ಅಲ್ಲಿಯವರೆಗೆ ಅತ್ತೆಯ ಮುಂದೆ ತಲೆಯೆತ್ತದವಳು, “ಗೆರೆ ನೋಡಿ ಬೇಡವೆನ್ನುವವರು ನನ್ನ ಮಗಳಿಗೂ ಬೇಡ” ಎಂದಳು. ಮಾತು ಅಲ್ಲಿಗೆ ನಿಂತಿತು. ಶಸ್ತ್ರಚಿಕಿತ್ಸೆಯ ದಿನ ನಿಶ್ಚಯವಾಯಿತು.

ಚೀಲ ತೆಗೆಸಿಕೊಂಡ ಹುಡುಗಿ ಎಲ್ಲರಂತೆ ಬೆಳೆಯುತ್ತಾಳೆ, ಓದುತ್ತಾಳೆ, ಮುಂದೆ ತಾಯಿಯೂ ಆಗಬಲ್ಲಳು. ಚೀಲವನ್ನು ಒಳಗೇ ಉಳಿಸಿಕೊಂಡು ಬಸುರಿಯಾದವರಿಗೆ ಅದೇ ಸಮಯದಲ್ಲಿ ರೋಗ ಕೆರಳಿದ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿವೆ. ಆದುದರಿಂದ ಮುಚ್ಚಿಡುವುದರಲ್ಲಿ ಲಾಭವಿಲ್ಲ. ಶಸ್ತ್ರಚಿಕಿತ್ಸೆ ಆದುದನ್ನು ಬಚ್ಚಿಟ್ಟರೆ ಮುಂದೆ ನೋಡುವ ವೈದ್ಯರಿಗೆ ದಾರಿ ತಪ್ಪುತ್ತದೆ. ಮಗಳಿಗೆ ತಿಳಿವಳಿಕೆ ಬಂದಾಗ ಅವಳ ಮೈಯ ಕಥೆಯನ್ನು ಅವಳಿಗೇ ಹೇಳಿ, ಕಡತವನ್ನು ಅವಳ ಕೈಗೇ ಕೊಡಬೇಕು.

ಇಷ್ಟರಲ್ಲಿ ನೆನಪಿನಲ್ಲಿ ಉಳಿಯಬೇಕಾದುದು ಮೂರೇ ಮಾತು. ಎರಡು ವಾರ ಮೀರಿದ ಹಸುಳೆಯ ಕಾಮಾಲೆಗೆ ರಕ್ತಪರೀಕ್ಷೆ. ಬಿಳಿಯ ಮಲ ಕಂಡರೆ ಅದೇ ದಿನ ವೈದ್ಯರ ಭೇಟಿ. ಮರಳಿ ಬಂದ ಕಾಮಾಲೆಗೆ, ಮರಳಿ ಬರುವ ಹೊಟ್ಟೆನೋವಿಗೆ ಒಂದು ಸ್ಕ್ಯಾನು. ಇವನ್ನು ನೆರೆಮನೆಯ ಬಾಣಂತಿಗೂ ತಿಳಿಸಿ. ನೂರು ಮನೆಗಳಿಗೆ ಹೇಳಿದರೆ ತೊಂಬತ್ತೊಂಬತ್ತಕ್ಕೆ ಬೇಕಾಗಲಾರದು. ಬೇಕಾದ ಆ ಒಂದು ಮನೆ ಯಾವುದೆಂದು ಮೊದಲೇ ತಿಳಿಯುವಂತಿಲ್ಲವಲ್ಲ.